ಬಚ್ಚಲ ಹಿಂದಿನ ಹಸಿರು

ಅಕ್ಕನ ಮಗನಿಗೆ ಮೀನು ಬೇಕಿತ್ತು. ನಾಯಿ ಬೇಡ ಎಂದು ಅಕ್ಕ, ಬೆಕ್ಕು ಬೇಡ ಎಂದು ಭಾವ ಹಟ ಹಿಡಿದು, ಕೊನೆಗೆ ಇಬ್ಬರೂ ಗಪ್ಪಿ ಮೀನಿಗೆ ರಾಜಿಯಾಗಿದ್ದರು. ಪಿಎಚ್‌ಡಿ ಮಾಡುವವಳಿಗೆ ಭಾನುವಾರ ಬೇರೆ ಕೆಲಸವೇನಿರುತ್ತದೆ ಎಂಬ ತರ್ಕದ ಮೇಲೆ ಹುಡುಗನನ್ನು ಕರೆದುಕೊಂಡು ಹೋಗುವ ಹೊಣೆ ಚಿಕ್ಕಮ್ಮನಾದ ನನ್ನ ಪಾಲಿಗೆ ಬಂತು. ಶಿವಾಜಿನಗರದಲ್ಲಿ ಬಸ್ಸಿಳಿದು, ರಸೆಲ್ ಮಾರ್ಕೆಟ್ಟಿನ ಗದ್ದಲ ದಾಟಿ, ಒಂದು ಅಕ್ವೇರಿಯಂ ಅಂಗಡಿ ಹೊಕ್ಕೆವು. ಎರಡು ವರ್ಷದ ಹಿಂದಿನ ಮಾತಿದು.

ಹುಡುಗ ಒಂದು ತೊಟ್ಟಿಯ ಗಾಜಿಗೆ ಮೂಗೊತ್ತಿ ನಿಂತುಬಿಟ್ಟ. ಮೈಯೆಲ್ಲ ಕಪ್ಪು, ಬಾಲ ಮಾತ್ರ ಕೆಂಪು ಇರುವ ಮೀನು. 'ಶಾರ್ಕ್' ಎಂದು ಬೇರೆ ಬರೆದು ಅಂಟಿಸಿದ್ದರು, ಇನ್ನು ಕೇಳಬೇಕೆ. ನಾನು ಅವನನ್ನು ಅಲ್ಲಿಯೇ ಬಿಟ್ಟು ಗಿಡಗಳ ಕಡೆ ಹೋದೆ. ಮೊಸರಿನ ಡಬ್ಬಿಯಷ್ಟು ಎತ್ತರದ ಪ್ಲಾಸ್ಟಿಕ್ ಲೋಟಗಳಲ್ಲಿ ತರಹೇವಾರಿ ಹಸಿರು. ಅವುಗಳಲ್ಲೊಂದರ ತಳದಲ್ಲಿ ಕಡುಹಸಿರಿನ, ಪಟ್ಟಿಪಟ್ಟಿಯಾಗಿ ಕವಲೊಡೆದ ಏನೋ ಮುದುಡಿ ಕೂತಿತ್ತು.

"ಅದೇನದು?"

"ಪೆಲ್ಲಿಯಾ, ಮೇಡಂ. ಕಲ್ಲಿಗೆ ದಾರದಲ್ಲಿ ಕಟ್ಟಿ ಬಿಟ್ಬಿಡಿ, ಮುಳುಗೇ ಇರುತ್ತೆ. ಸೀಗಡಿ ಸಾಕಿದ್ರಂತೂ ಫಸ್ಟ್ ಕ್ಲಾಸ್. ನೂರಾ ಎಂಬತ್ತು."

ನಾನು ಓದುತ್ತಿರುವುದು ಲಿವರ್‌ವರ್ಟ್‌ಗಳ ಬಗ್ಗೆ. ಪೆಲ್ಲಿಯಾ ಕೂಡ ಒಂದು ಲಿವರ್‌ವರ್ಟ್. ಆದರೆ ಲೋಟದಲ್ಲಿದ್ದದ್ದು ಪೆಲ್ಲಿಯಾ ಅಲ್ಲ ಎಂದು ಆ ಟ್ಯೂಬ್‌ಲೈಟಿನ ಬೆಳಕಿನಲ್ಲೂ ಅನುಮಾನವಾಯಿತು. ಪಟ್ಟಿಯ ಮೈಮೇಲೆಲ್ಲ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಮಿನುಗುತ್ತಿದ್ದವು. ಪರ್ಸಿನಲ್ಲಿ ಸದಾ ಇರುವ ಹ್ಯಾಂಡ್ ಲೆನ್ಸ್ ತೆಗೆದು ಲೋಟಕ್ಕೆ ಹಿಡಿದೆ. ಅಂಗಡಿಯವನು ಪಕ್ಕದವನಿಗೆ ಕಣ್ಸನ್ನೆ ಮಾಡಿದ. ನೂರಾ ಎಂಬತ್ತು ಕೊಟ್ಟು ಲೋಟ ಕೊಂಡೆ. ಹುಡುಗನಿಗೆ ಗಪ್ಪಿಯೂ ಆಯಿತು. ಶಾರ್ಕ್‌ಗಾಗಿ ಅತ್ತದ್ದೂ ಆಯಿತು.

ಮರುದಿನ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಅನುಮಾನ ನಿಜವಾಯಿತು. ಪೆಲ್ಲಿಯಾದ ಅಡಿಭಾಗದಲ್ಲಿ ಶಲ್ಕಗಳಿರುವುದಿಲ್ಲ, ಇದರಲ್ಲಿದ್ದವು. ಪೆಲ್ಲಿಯಾದ ಜೀವಕೋಶಗಳಲ್ಲಿ ಎಣ್ಣೆಯ ಸಣ್ಣ ಕಣಗಳು ಎಲ್ಲೆಡೆ ಹರಡಿರುತ್ತವೆ; ಇದರಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಒಂದೊಂದು ದೊಡ್ಡ ಎಣ್ಣೆಯ ಗೋಲಿಯನ್ನು ತುಂಬಿಕೊಂಡು ಕೂತಿತ್ತು. ನಾನು ಅಂಗಡಿಯಲ್ಲಿ ನೋಡಿದ ಮಿನುಗು ಅದೇ. ಗಿಡದ ಹೆಸರು ಮೊನೊಸೊಲೀನಿಯಂ ಟೆನೆರಮ್. ನನ್ನ ಪ್ರಬಂಧದ ಮೂರನೆಯ ಅಧ್ಯಾಯದ ಪಟ್ಟಿಯಲ್ಲಿ ಇದ್ದ ಹೆಸರು. ನಮ್ಮ ದೇಶದ ಹಳೆಯ ದಾಖಲೆಗಳಲ್ಲಿದ್ದು, ಆಮೇಲೆ ಅಷ್ಟಾಗಿ ಕಣ್ಣಿಗೆ ಬೀಳದ ಲಿವರ್‌ವರ್ಟ್‌ಗಳ ಅಧ್ಯಾಯ ಅದು. ಅಲ್ಲಿಯವರೆಗೆ ನಾನು ಆ ಗಿಡವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ.

ಈ ಪತ್ರಿಕೆಯ ಓದುಗರೆಲ್ಲ ಸಸ್ಯಶಾಸ್ತ್ರದವರಲ್ಲ ಎಂದು ಗೊತ್ತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ರಿಕ್ಸಿಯಾ, ಮಾರ್ಕ್ಯಾನ್ಷಿಯಾ ಎಂಬ ಎರಡು ಹೆಸರು, ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲ್ ತೀಡಿ ತೀಡಿ ಬರೆದ ಎರಡು ಚಿತ್ರ ನೆನಪಿರಬಹುದು. ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಒದ್ದೆ ನೆಲಕ್ಕೋ ಕಲ್ಲಿಗೋ ಅಂಟಿಕೊಂಡು ಎರಡೆರಡಾಗಿ ಕವಲೊಡೆಯುತ್ತ ಹರಡುವ ಹಸಿರು ಪಟ್ಟಿ. ಅದರ ಆಕಾರದಲ್ಲಿ ಯುರೋಪಿನವರಿಗೆ ಯಕೃತ್ತು ಕಂಡಿತು. ಯಕೃತ್ತಿನ ಕಾಯಿಲೆಗೆ ಮದ್ದೆಂದೂ ನಂಬಿದರು. ಲಿವರ್‌ವರ್ಟ್ ಎಂಬ ಹೆಸರು ಹಾಗೆ ಬಂತು. ಪ್ರಪಂಚದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಕನ್ನಡದಲ್ಲಿ ಒಂದಕ್ಕೂ ಬಳಕೆಯ ಹೆಸರು ನಾನು ಕೇಳಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಕಾಲು ಜಾರಿಸುವ ಹಸಿರೆಲ್ಲ ಪಾಚಿ. ನಾನು ಏನು ಓದುತ್ತಿದ್ದೇನೆ ಎಂದು ಯಾರಾದರೂ ಕೇಳಿದರೆ ಅಮ್ಮ ಇಂದಿಗೂ "ಪಾಚಿ ಮೇಲೆ ಡಾಕ್ಟ್ರೇಟು" ಎನ್ನುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಎಷ್ಟು, ಸಂಕೋಚ ಎಷ್ಟು ಎಂದು ಬಿಡಿಸಿ ನೋಡಲು ನಾನು ಹೋಗಿಲ್ಲ.

ಮೊನೊಸೊಲೀನಿಯಂಗೆ ಹೆಸರಿಟ್ಟವನು ವಿಲಿಯಂ ಗ್ರಿಫಿತ್. 1832ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯನಾಗಿ ಮದ್ರಾಸಿಗೆ ಬಂದಿಳಿದವನು. ಅಸ್ಸಾಮಿನ ಕಾಡಿನಲ್ಲಿ ಚಹಾ ಗಿಡ ತಾನಾಗಿ ಬೆಳೆಯುತ್ತದೆ ಎಂಬ ಸುದ್ದಿ ಬಂದಾಗ, ನೋಡಿ ವರದಿ ಕೊಡಲು 1835ರಲ್ಲಿ ಮೂವರನ್ನು ಕಳಿಸಿದರು: ವಾಲಿಚ್, ಮೆಕ್‌ಲೆಲೆಂಡ್ ಮತ್ತು ಗ್ರಿಫಿತ್. ಚಹಾ ನೋಡಲು ಹೋದ ಗ್ರಿಫಿತ್ ಕಂಡದ್ದನ್ನೆಲ್ಲ ಬರೆದುಕೊಂಡ. ದೊಡ್ಡ ಮರದಿಂದ ಹಿಡಿದು ನೆಲಕ್ಕಂಟಿದ ಲಿವರ್‌ವರ್ಟ್‌ವರೆಗೆ. ಅಲ್ಲಿಂದ ಬರ್ಮಾ, ಭೂತಾನ್, ಅಫ್ಘಾನಿಸ್ತಾನ. 1845ರ ಫೆಬ್ರವರಿಯಲ್ಲಿ ಮಲಾಕಾದಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತನಾಲ್ಕು ವರ್ಷ. ಕಾರಣ ಯಕೃತ್ತಿನ ಉರಿಯೂತ. ಲಿವರ್‌ವರ್ಟ್ ಓದುವವರು ಇದನ್ನು ಕೇಳಿ ಒಂದು ಕ್ಷಣ ಸುಮ್ಮನಾಗುತ್ತೇವೆ, ನಗುವುದೋ ಬೇಡವೋ ಗೊತ್ತಾಗದೆ. ಅವನ ಕಾಗದಪತ್ರಗಳನ್ನು ಮೆಕ್‌ಲೆಲೆಂಡ್ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಮೊನೊಸೊಲೀನಿಯಂ ಪ್ರಕಟವಾದದ್ದು 1849ರಲ್ಲಿ, ಹೆಸರಿಟ್ಟವನು ಸತ್ತ ನಾಲ್ಕು ವರ್ಷದ ನಂತರ. ಟೆನೆರಮ್ ಎಂದರೆ ಎಳೆಯದು, ಮೃದುವಾದದ್ದು. ಸರಿಯಾದ ಹೆಸರು, ಚಿಮುಟದಲ್ಲಿ ಸ್ವಲ್ಪ ಬಿಗಿಯಾಗಿ ಹಿಡಿದರೂ ಪಟ್‌ಎಂದು ಮುರಿಯುತ್ತದೆ.

ಈ ಕುಲದಲ್ಲಿ ಇರುವುದು ಇದೊಂದೇ ಜಾತಿ. ಚೀನಾ, ತೈವಾನ್, ಜಪಾನುಗಳಲ್ಲೂ ಇದೆ. ಜಪಾನಿನ ಪರಿಸರ ಇಲಾಖೆಯ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ. ಹತ್ತಿರದ ಸಂಬಂಧಿ ಮಾರ್ಕ್ಯಾನ್ಷಿಯಾದ ಮೈಮೇಲೆ ಗಾಳಿಯಾಡಲು ಪುಟ್ಟ ಚಿಮಣಿಗಳಂಥ ರಂಧ್ರಗಳೂ ಒಳಗೆ ಗಾಳಿಯ ಕೋಣೆಗಳೂ ಇರುತ್ತವೆ. ಮೊನೊಸೊಲೀನಿಯಂಗೆ ಅವು ಇಲ್ಲ. ಇಂಥ ಸರಳ ರೂಪಗಳು ಮೊದಲಿನಿಂದ ಸರಳವಾಗಿದ್ದವಲ್ಲ, ಇದ್ದದ್ದನ್ನು ಕಳೆದುಕೊಂಡು ಸರಳವಾದವು ಎಂದು ಲಾಹೋರಿನಲ್ಲಿದ್ದ ಶಿವರಾಮ್ ಕಶ್ಯಪ್ ವಾದಿಸಿದ್ದರು. ನಮ್ಮ ದೇಶದಲ್ಲಿ ಲಿವರ್‌ವರ್ಟ್ ಅಧ್ಯಯನಕ್ಕೆ ತಳಪಾಯ ಹಾಕಿದವರು ಅವರು. ಗಾಳಿಯ ಕೋಣೆಗಳಿಲ್ಲದ ಕಾರಣವೇ ಇದು ನೀರಿನಲ್ಲಿ ತೇಲದೆ ಮುಳುಗುತ್ತದೆ, ಮುಳುಗುವುದರಿಂದಲೇ ಅಕ್ವೇರಿಯಂನವರಿಗೆ ಇಷ್ಟ.

ಅಕ್ವೇರಿಯಂ ಲೋಕದಲ್ಲಿ ಇದು ಪೆಲ್ಲಿಯಾ ಎಂಬ ತಪ್ಪು ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಗ್ರಾಡ್‌ಸ್ಟೈನ್ ಎಂಬ ಲಿವರ್‌ವರ್ಟ್ ತಜ್ಞ ಮತ್ತು ಅವರ ಸಂಗಡಿಗರು ಪರೀಕ್ಷಿಸಿ, ಇದು ಗ್ರಿಫಿತ್ ಹೇಳಿದ ಗಿಡ ಎಂದು 2003ರಲ್ಲಿ ಅಕ್ವೇರಿಯಂ ಸಸ್ಯಗಳ ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದರು. ಅಷ್ಟರಲ್ಲಿ ಗಿಡ ಎಷ್ಟೋ ಮನೆಗಳ ತೊಟ್ಟಿ ಸೇರಿಯಾಗಿತ್ತು. ಶಿವಾಜಿನಗರದ ಅಂಗಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಲೋಟದ ಗಿಡವನ್ನು ನಾನು ಮೂರು ಪಾಲು ಮಾಡಿದೆ. ಒಂದು ಹುಡುಗನ ಗಪ್ಪಿಗಳಿಗೆ. ಒಂದು ಪ್ರಯೋಗಾಲಯಕ್ಕೆ. ಇನ್ನೊಂದನ್ನು ದೀಪಾವಳಿಗೆ ಊರಿಗೆ ಹೋಗುವಾಗ ಹಾರ್ಲಿಕ್ಸ್ ಬಾಟಲಿಯಲ್ಲಿ ತೆಗೆದುಕೊಂಡು ಹೋದೆ. ನೀರೊಳಗೆ ಇದು ತುಂಡಾಗಿ ತುಂಡಾಗಿ ಹೆಚ್ಚುತ್ತದೆ, ಅಷ್ಟೆ. ಮಣ್ಣಿನ ಮೇಲೆ ಬೆಳೆಸಿದರೆ ಬೀಜಕದ ಕಾಂಡ ಬಂದೀತು ಎಂಬ ಆಸೆ. ಗೊಬ್ಬರದ ಅಂಶ ಇರುವ ಒದ್ದೆ ಮಣ್ಣು, ಮನುಷ್ಯರ ವಾಸದ ಆಸುಪಾಸು ಇದಕ್ಕೆ ಹಿಡಿಸುತ್ತದೆ ಎಂದು ಓದಿದ್ದೆ. ಒಡೆದ ಮಣ್ಣಿನ ತಟ್ಟೆಯೊಂದಕ್ಕೆ ತೋಟದ ಮಣ್ಣು, ಹಳೇ ಸಗಣಿ ಗೊಬ್ಬರ ಬೆರೆಸಿ ಹಾಕಿ, ಗಿಡ ಇಟ್ಟು, ಬಚ್ಚಲುಮನೆಯ ಹಿಂದಿನ ನೆರಳಿನಲ್ಲಿ ಇರಿಸಿ ಬಂದೆ.

"ಅಮ್ಮಾ, ಇದನ್ನ ಮುಟ್ಬೇಡ. ಬಹಳ ಅಪರೂಪದ್ದು."

"ನಾ ಎಂತ ಮಾಡ್ತೀನಿ ಮಾರಾಯ್ತಿ, ಪಾಚಿ ಮುಟ್ಟಿ?"

ಕಾಂಡ ಬರಲಿಲ್ಲ. ಬೇಸಿಗೆಗೆ ಮತ್ತೆ ಊರಿಗೆ ಹೋದಾಗ ತಟ್ಟೆಯಲ್ಲಿದ್ದದ್ದು ಒಣಗಿ ಕಂದಾಗಿತ್ತು. ತಟ್ಟೆಯನ್ನು ಬಚ್ಚಲ ಕಾಲುವೆಯ ಬಾಯಲ್ಲಿ ಕೊಡವಿ ತೊಳೆದು ಗೋಡೆಗೆ ಒರಗಿಸಿಟ್ಟೆ. ತೊಳೆದವಳು ನಾನೇ. ಇದನ್ನು ಮರೆಯದೆ ಬರೆಯಬೇಕು.

ಸಂರಕ್ಷಣೆಯ ಲೆಕ್ಕದಲ್ಲಿ ಈ ಗಿಡದ ಸ್ಥಾನ ಯಾವುದು ಎಂದು ಅಧ್ಯಾಯದಲ್ಲಿ ಬರೆಯಬೇಕಿತ್ತು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಒಂಬತ್ತು ವರ್ಗಗಳಿವೆ. ಹುಲಿ, ಸಿಂಗಳೀಕಗಳ ದೆಸೆಯಿಂದ 'ಅಳಿವಿನಂಚಿನಲ್ಲಿರುವ' ಎಂಬುದು ನಮಗೆಲ್ಲ ಗೊತ್ತು. ನನಗೆ ಹೆಚ್ಚು ಪರಿಚಯ ಇನ್ನೆರಡರದ್ದು. ಒಂದು, ಮಾಹಿತಿ ಸಾಲದು ಎಂಬುದು. ಯಾರೋ ಕೂತು ನೋಡಿದ್ದಾರೆ, ತೀರ್ಮಾನಕ್ಕೆ ಬರಲಾಗಿಲ್ಲ. ಇನ್ನೊಂದು, ಮೌಲ್ಯಮಾಪನ ಆಗಿಲ್ಲ ಎಂಬುದು. ಯಾರೂ ಕೂತೇ ಇಲ್ಲ. ಯುರೋಪಿನವರು ತಮ್ಮ ಖಂಡದ ಪಾಚಿ, ಲಿವರ್‌ವರ್ಟ್‌ಗಳನ್ನೆಲ್ಲ ಕೂತು ನೋಡಿ 2019ರಲ್ಲಿ ವರದಿ ಹೊರತಂದರು; ಐದರಲ್ಲೊಂದಕ್ಕಿಂತ ಹೆಚ್ಚು ಜಾತಿಗಳು ಅಪಾಯದಲ್ಲಿವೆ ಎಂದು ಗೊತ್ತಾಯಿತು. ಮೊನೊಸೊಲೀನಿಯಂ ಹೆಸರನ್ನು ನಾನು ಜಾಗತಿಕ ಪಟ್ಟಿಯಲ್ಲಿ ಹುಡುಕಿದಾಗ ಸಿಗಲಿಲ್ಲ. ನಮ್ಮ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಗಿಡಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು 1991ರ ತಿದ್ದುಪಡಿಯಲ್ಲಿ. ಆಗ ಸೇರಿದ್ದು ಆರು ನಮೂದು: ಒಂದು ಸೈಕಾಸ್, ನೀಲಿ ಮತ್ತು ಕೆಂಪು ವಾಂಡಾ ಆರ್ಕಿಡ್‌ಗಳು, ಲೇಡೀಸ್ ಸ್ಲಿಪರ್ ಆರ್ಕಿಡ್‌ಗಳು, ಕುಠ್, ಹೂಜಿ ಗಿಡ. ಎಲ್ಲವೂ ನೋಡಲು ಚೆಂದ, ಅಥವಾ ಮದ್ದಿಗೆ ಬೇಕಾದವು. ಇದನ್ನು ದೂರುವ ದನಿಯಲ್ಲಿ ಹೇಳುತ್ತಿಲ್ಲ. ಚೆಂದದ ಆರ್ಕಿಡನ್ನು ಕಿತ್ತು ಮಾರುವವರಿದ್ದರು. ಬಚ್ಚಲ ಪಾಚಿಯನ್ನು ಕಿತ್ತು ಮಾರುವವರಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಅಸ್ಸಾಮಿಗೆ ಹೋದೆ. ಫೆಲೋಶಿಪ್ಪಿನಲ್ಲಿ ಉಳಿಸಿದ ದುಡ್ಡು, ಹತ್ತು ದಿನ. ತಿನ್ಸುಕಿಯಾದಲ್ಲಿ ಇಳಿದು ದೂಮ್‌ದೂಮಾ ಕಡೆಯ ಚಹಾ ತೋಟಗಳು, ಅಲ್ಲಿಂದ ಲೋಹಿತ್ ನದಿಯ ಮೇಲಿನ ಒಂಬತ್ತು ಕಿಲೋಮೀಟರ್ ಉದ್ದದ ಸೇತುವೆ ದಾಟಿ ಸಾದಿಯಾ. ಗ್ರಿಫಿತ್ ಓಡಾಡಿದ ಊರನ್ನು ನೋಡಬೇಕೆಂಬ ಹುಚ್ಚು. ಹಳೆಯ ಸಾದಿಯಾ ಈಗಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. 1950ರ ಆಗಸ್ಟ್ 15ರಂದು ಆದ ಭೂಕಂಪ, ಅದರ ಬೆನ್ನಿಗೆ ಬಂದ ಪ್ರವಾಹಗಳಲ್ಲಿ ಪಟ್ಟಣವೇ ನದಿಯ ಪಾಲಾಯಿತು. ನಾನು ನಿಂತದ್ದು ಹೊಸ ಸಾದಿಯಾದಲ್ಲಿ. ಅವನು ಲಿವರ್‌ವರ್ಟ್ ಹುಡುಕಿದ ದಂಡೆಗಳಲ್ಲಿ ಎಷ್ಟು ಈಗ ನೀರಿನಡಿ ಇವೆಯೋ.

ಹುಡುಕಿದ್ದು ಕಾಡಿನಲ್ಲಲ್ಲ. ಹಟ್ಟಿಗಳ ಹಿಂದೆ, ಕೊಳವೆಬಾವಿಯ ಕಟ್ಟೆಯ ಸುತ್ತ, ಬಚ್ಚಲ ನೀರು ಹರಿಯುವ ಕಡೆ, ಹಂದಿಗೂಡಿನ ಪಕ್ಕ. ಜೊತೆಗೆ ಬಂದ ಅಲ್ಲಿನ ಕಾಲೇಜಿನ ಹುಡುಗಿ ಮನೆಮನೆಗೆ ಮುಂದೆ ಹೋಗಿ ನನ್ನ ಪರವಾಗಿ ಅನುಮತಿ ಕೇಳುತ್ತಿದ್ದಳು. ಚಹಾ ತೋಟದ ಕೂಲಿಲೈನಿನಲ್ಲಿ ಒಬ್ಬ ಅಜ್ಜಿ ನಾನು ಅವರ ಬಚ್ಚಲ ಹಿಂದೆ ಮಂಡಿಯೂರಿ ಕೂತದ್ದನ್ನು ಬಹಳ ಹೊತ್ತು ನೋಡಿ ಏನೋ ಅಂದರು. ಹುಡುಗಿ ನಕ್ಕಳು. "ಅಷ್ಟು ದೂರದಿಂದ ಬಂದಿದ್ದಾಳೆ, ಹಾಗೇ ತಿಕ್ಕಿ ತೊಳೆದು ಹೋಗಲಿ ಅಂತಾರೆ" ಎಂದಳು. ಮಾರ್ಕ್ಯಾನ್ಷಿಯಾ ಸಿಕ್ಕಿತು, ಧಾರಾಳವಾಗಿ. ಡುಮೋರ್ಟಿಯೆರಾ ಸಿಕ್ಕಿತು. ನೆರಳಿನಲ್ಲಿ ಹೊಳೆಯುವ ಸಯಾಥೋಡಿಯಂ ಸಿಕ್ಕಿತು. ಮೊನೊಸೊಲೀನಿಯಂ ಸಿಗಲಿಲ್ಲ. ಅಲ್ಲಿ ಇಲ್ಲ ಎಂದು ಇದರ ಅರ್ಥವಲ್ಲ. ಹತ್ತು ದಿನ, ಎರಡು ಕಣ್ಣು, ಅಷ್ಟು ದೊಡ್ಡ ಬಯಲು. ಹೊಸ ಸಿಮೆಂಟು ಬಚ್ಚಲುಗಳ ಹಿಂದೆ ಏನೂ ಇರುತ್ತಿರಲಿಲ್ಲ ಎಂಬುದನ್ನು ಮಾತ್ರ ಬರೆದುಕೊಂಡೆ. ಆ ಮನೆಯ ಹೆಂಗಸರಿಗೆ ಸಿಮೆಂಟು ಬಚ್ಚಲು ಬೇಡ ಎನ್ನಲು ನನಗೆ ಯಾವ ಹಕ್ಕೂ ಇಲ್ಲ ಎಂಬುದನ್ನೂ.

ಮರಳಿ ಬಂದ ಮೇಲೆ ಪ್ರಗತಿ ಪರಿಶೀಲನೆಯ ಸೆಮಿನಾರ್. ಅಂಗಡಿಯ ಲೋಟದ ಫೋಟೊ, ಅಸ್ಸಾಮಿನ ನಕ್ಷೆ, ಎಲ್ಲ ತೋರಿಸಿದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಅಂಗಡೀಲಿ ನೂರಾ ಎಂಬತ್ತಕ್ಕೆ ಸಿಗುತ್ತೆ ಅಂತೀಯ. ಮತ್ತೆ ಇದಕ್ಕೆ ಸಂರಕ್ಷಣೆ ಯಾಕಮ್ಮಾ?"

ಕೆಲವರು ನಕ್ಕರು. ಅವರು ಕೇಳಿದ್ದು ಕುಹಕಕ್ಕಲ್ಲ, ನ್ಯಾಯವಾದ ಪ್ರಶ್ನೆ. ನಾನು ಏನೋ ತೊದಲಿದೆ. ರಾತ್ರಿ ಹಾಸ್ಟೆಲಿನಲ್ಲಿ ಉತ್ತರ ಹೊಳೆಯಿತು, ಎಲ್ಲರಿಗೂ ಹೊಳೆಯುವ ಹಾಗೆ ತಡವಾಗಿ. ಹುಡುಗ ಅತ್ತನಲ್ಲ, ಆ ಕೆಂಪು ಬಾಲದ ಶಾರ್ಕ್. ಅದರ ತವರು ಥಾಯ್ಲೆಂಡಿನ ನದಿಗಳು. ಸಾಕಣೆ ಕೇಂದ್ರಗಳಲ್ಲಿ ರಾಶಿರಾಶಿಯಾಗಿ ಮರಿ ಮಾಡಿಸುತ್ತಾರೆ, ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ. ಕೆಂಪು ಪಟ್ಟಿಯಲ್ಲಿ ಮಾತ್ರ ಅದು ತೀವ್ರ ಅಪಾಯದ ವರ್ಗದಲ್ಲಿದೆ. ಯಾಕೆಂದರೆ ಆ ಪಟ್ಟಿ ಲೆಕ್ಕ ಹಾಕುವುದು ತೊಟ್ಟಿಯಲ್ಲಿರುವುದನ್ನಲ್ಲ, ನದಿಯಲ್ಲಿರುವುದನ್ನು. ಲೋಟದ ಗಿಡವೂ ಹಾಗೆಯೇ. ಒಂದು ತುಂಡಿನಿಂದ ಇನ್ನೊಂದು ತುಂಡು, ಅದರಿಂದ ಮತ್ತೊಂದು. ಲಕ್ಷ ಲೋಟ ಇದ್ದರೂ ಒಂದೇ ಗಿಡ ಇದ್ದ ಹಾಗಾಗಬಹುದು. ಎಲ್ಲಿಯದು, ಯಾವ ಮಣ್ಣಿನದು, ಅದರ ಪಕ್ಕದಲ್ಲಿ ಏನಿತ್ತು, ಲೋಟದ ಮೇಲೆ ಬರೆದಿರುವುದಿಲ್ಲ. ಬರೆದಿರುವುದು ಬೆಲೆ ಮತ್ತು ತಪ್ಪು ಹೆಸರು.

ಇನ್ನೊಂದು ರಾತ್ರಿಯ ಬಗ್ಗೆಯೂ ಹೇಳಬೇಕು. ಫೆಲೋಶಿಪ್ ಮುಗಿಯಲು ಎಂಟು ತಿಂಗಳಿತ್ತು. ಮೂರನೆಯ ಅಧ್ಯಾಯದಲ್ಲಿ ಅಸ್ಸಾಮಿನ ಭಾಗ ಖಾಲಿ. ಪ್ರಯೋಗಾಲಯದಲ್ಲಿ ಮಣ್ಣಿನ ಮೇಲೆ ಬೆಳೆಸಿದ ತುಂಡು ಚೆನ್ನಾಗಿ ಹರಡಿತ್ತು. ಫೋಟೊ ತೆಗೆದರೆ ಯಾವುದೋ ಹಳ್ಳದ ದಂಡೆಯದ್ದು ಎಂದೇ ಅನಿಸಬೇಕು. ಅದನ್ನು ನೋಡಿ ಸಹಪಾಠಿಯೊಬ್ಬಳು ತಮಾಷೆಗೆ "ಒಣಗಿಸು, ಮಡಚು, ದೂಮ್‌ದೂಮಾ ಅಂತ ಲೇಬಲ್ ಬರಿ. ಯಾರಿಗೆ ಗೊತ್ತಾಗುತ್ತೆ?" ಎಂದಿದ್ದಳು. ತಮಾಷೆಯೇ. ಹರ್ಬೇರಿಯಂ ಲೇಬಲ್ ಎಂದರೆ ಅಂಗೈಯಗಲದ ಕಾಗದ: ಹೆಸರು, ಸ್ಥಳ, ಎಂಥ ಜಾಗ, ತಾರೀಖು, ಸಂಗ್ರಹಿಸಿದವರು, ಸಂಖ್ಯೆ. ಗ್ರಿಫಿತ್ ಅಸ್ಸಾಂ ಎಂದು ಬರೆದದ್ದನ್ನು ನಂಬಿ ನಾನು ಎರಡು ಸಾವಿರ ಮೈಲಿ ಹೋದೆನಲ್ಲ, ಹಾಗೆ ನಾನು ಬರೆದದ್ದನ್ನು ನಂಬಿ ಇನ್ಯಾರೋ ಹೋಗುತ್ತಾರೆ. ಇದೆಲ್ಲ ಗೊತ್ತಿದ್ದೂ ಆ ರಾತ್ರಿ ಖಾಲಿ ಲೇಬಲ್ ಮುಂದೆ ಹತ್ತು ನಿಮಿಷ ಕೂತಿದ್ದೆ, ಪೆನ್ನಿನ ಕ್ಯಾಪ್ ತೆಗೆದು. ಬರೆಯಲಿಲ್ಲ. ಆದರೆ ಕೂತಿದ್ದು ನಿಜ. ಮಾರನೆಯ ದಿನ ಗೈಡ್ ಹತ್ತಿರ ಹೋಗಿ ಸಿಗಲಿಲ್ಲ ಎಂದೇ ಬರೆಯುತ್ತೇನೆ ಎಂದೆ. "ಸಿಗಲಿಲ್ಲ ಅನ್ನೋದೂ ದತ್ತಾಂಶವೇ, ಎಲ್ಲೆಲ್ಲಿ ಹುಡುಕಿದೆ ಅಂತ ಪೂರ್ತಿ ಬರಿ" ಎಂದರು. ಅಷ್ಟು ಸರಳವಾಗಿತ್ತು.

ಈ ವರ್ಷ ಮಳೆ ಹಿಡಿದ ಮೇಲೆ ಊರಿಗೆ ಹೋದೆ. ಬೆಳಗ್ಗೆ ಹಂಡೆಗೆ ಬೆಂಕಿ ಹಾಕುತ್ತಿದ್ದ ಅಮ್ಮ, "ಬಾ ಇಲ್ಲಿ, ನಿಂಗೆ ಒಂದು ತೋರಿಸ್ಬೇಕು" ಎಂದು ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋದಳು.

ಕಾಲುವೆಯ ಎರಡೂ ಬದಿಗೆ, ಗೋಡೆಯ ಬುಡದವರೆಗೆ, ಎರಡು ಅಡಿಕೆ ಹಾಳೆ ಹಾಸಿದಷ್ಟು ಅಗಲಕ್ಕೆ ಕಡುಹಸಿರು. ಲೆನ್ಸ್ ತರಬೇಕಾಗಿಯೇ ಇರಲಿಲ್ಲ. ಬಗ್ಗಿದಾಗ ಚುಕ್ಕೆಗಳು ಮಿನುಗಿದವು.

"ಎಲ್ಲಾ ಕಡೆ ಬ್ಲೀಚಿಂಗ್ ಪೌಡರ್ ಹಾಕ್ತೀನಿ, ಇಲ್ಲಿ ಒಂದು ಹಾಕಿಲ್ಲ," ಅಮ್ಮ ಹೇಳಿದಳು. "ನೀ ಅಪರೂಪದ್ದು ಅಂದಿದ್ದೆಯಲ್ಲ. ಕೆಲಸದ ಲಕ್ಷ್ಮಿಗೂ ಹೇಳಿದ್ದೆ, ಆ ಕಡೆ ಪೊರಕೆ ತಗೊಂಡು ಹೋಗ್ಬೇಡ ಅಂತ. ಸೋಪಿನ ನೀರು ಬೀಳದ ಹಾಗೆ ಒಂದು ಹೆಂಚು ಬೇರೆ ಅಡ್ಡ ಇಟ್ಟೆ."

ಹೆಂ‌ಚನ್ನೂ ನೋಡಿದೆ. ಓರೆಯಾಗಿ, ಬುಡಕ್ಕೆ ಎರಡು ಕಲ್ಲು ಕೊಟ್ಟು ನಿಲ್ಲಿಸಿದ್ದಳು. ನಾನು ಅಸ್ಸಾಮಿನಲ್ಲಿ ಮಂಡಿಯೂರಿ ಹುಡುಕುತ್ತಿದ್ದಾಗ ಒಣಗಿತೆಂದು ನಾನೇ ಕೊಡವಿದ ಚೂರನ್ನು ಇವಳು ಇಲ್ಲಿ ಕಾಯುತ್ತಿದ್ದಳು. ಯಾವ ಪಟ್ಟಿ, ಯಾವ ಕಾಯ್ದೆಯೂ ಈ ಗಿಡಕ್ಕೆ ಇಷ್ಟು ಮಾಡಿಲ್ಲ.

ಕಾಲುವೆಯ ಎಡಬದಿಯಲ್ಲಿ, ನಾನು ಶಾಲೆಗೆ ಹೋಗುವ ಕಾಲದಿಂದ ಇದ್ದ ಸಯಾಥೋಡಿಯಂ ಇತ್ತು. ನಾನು ಈ ವಿಷಯ ಹಿಡಿಯಲು ಕಾರಣವೇ ಅದು. ಸಂಜೆಯ ಮಬ್ಬಿನಲ್ಲಿ ಚಿನ್ನದ ಹಸಿರಾಗಿ ಹೊಳೆಯುತ್ತಿತ್ತು, ಏನದು ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ಅದು ಗೋಡೆಯ ಮೂಲೆಯಲ್ಲಿ ಅಂಗೈಯಷ್ಟು ಉಳಿದಿತ್ತು.

"ಅಮ್ಮಾ, ಇದನ್ನ ಕೆರೆದು ತೆಗೀಬೇಕು."

"ಎಂತಕ್ಕೆ?"

"ಇದು ಇಲ್ಲಿಯದಲ್ಲ."

"ನಮ್ಮ ದೇಶದ್ದೇ ಅಂದಿದ್ದೆ. ಅಸ್ಸಾಮು ಎಲ್ಲಿದೆ ಮತ್ತೆ?"

ದೇಶದ್ದು ಹೌದು. ಪ್ರಬಂಧದಲ್ಲಿ ನಾನೇ 'ದೇಶೀಯ ಜಾತಿ' ಎಂದು ಬರೆದಿದ್ದೇನೆ. ಗಿಡಕ್ಕೆ ದೇಶ ಗೊತ್ತಿಲ್ಲ. ಅದಕ್ಕಿರುವುದು ಇಂಥ ನದಿಯ ದಂಡೆ, ಇಂಥ ಗೋಡೆಯ ಬುಡ ಎಂಬ ವಿಳಾಸ. ಅಸ್ಸಾಮಿನ ಹಿತ್ತಿಲಿನಲ್ಲಿ ಇದು ಸಿಕ್ಕಿದ್ದರೆ ನಾನು ಕುಣಿಯುತ್ತಿದ್ದೆ. ನಮ್ಮ ಹಿತ್ತಿಲಲ್ಲಿ ಇದು ನಾನು ಚೆಲ್ಲಿದ ಕಸ. ಮಳೆಗೆ ಕಾಲುವೆ ತುಂಬಿದರೆ ನೀರು ತೋಟಕ್ಕೆ, ತೋಟದಿಂದ ಹಳ್ಳಕ್ಕೆ. ಮುಂದೊಂದು ದಿನ ಯಾರೋ ಹಳ್ಳದ ದಂಡೆಯಲ್ಲಿ ಇದನ್ನು ಕಂಡು ಪಶ್ಚಿಮ ಘಟ್ಟದಲ್ಲಿ ಮೊದಲ ದಾಖಲೆ ಎಂದು ಸಂಭ್ರಮದಿಂದ ಬರೆಯುತ್ತಾರೆ. ಆ ಸುಳ್ಳು ಲೇಬಲ್ ಬರೆಸಿದವಳು ನಾನಾಗುತ್ತೇನೆ, ಪೆನ್ನು ಮುಟ್ಟದೆಯೇ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ, ಲಂಟಾನದ ಉದಾಹರಣೆ ಕೊಟ್ಟು. ಗುಡ್ಡವೆಲ್ಲ ಲಂಟಾನ ಹಬ್ಬಿ ದನ ಮೇಯಿಸಲು ಜಾಗ ಇಲ್ಲದಾದದ್ದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳು ಒಪ್ಪಿದಳೋ ಇಲ್ಲವೋ. "ಇಷ್ಟು ದಿನ ಕಾದಿದ್ದು ದಂಡ ಹಾಗಾದ್ರೆ" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೇ ಕತ್ತಿಯೊಂದನ್ನು ಅವಳೇ ತಂದುಕೊಟ್ಟಳು.

ಇಬ್ಬರೂ ಕೂತು ಕೆರೆದೆವು, ಕೊಡೆ ಹಿಡಿಯಲು ಯಾರೂ ಇಲ್ಲದೆ ನೆನೆಯುತ್ತ. ಕೆರೆದದ್ದನ್ನು ಮಣ್ಣು ಸಮೇತ ಹಾಳೆಯಲ್ಲಿ ತುಂಬಿ ಬಚ್ಚಲ ಒಲೆಗೇ ಹಾಕಿದೆವು. ಹಸಿಯಾದ್ದರಿಂದ ಬಹಳ ಹೊತ್ತು ಹೊಗೆಯಾಡಿತು. ಸಯಾಥೋಡಿಯಂ ಇದ್ದ ಮೂಲೆಯಲ್ಲಿ ಕತ್ತಿ ಬೇಡ ಎಂದು ಬೆರಳಿನಿಂದ ಒಂದೊಂದೇ ಚೂರು ಬಿಡಿಸಿದೆ. ಅಮ್ಮ ಎದ್ದು ಹೋಗಿ ಹೆಂಚನ್ನು ತೆಗೆದು, ಮತ್ತೆ ಏನನ್ನಿಸಿತೋ, ಆ ಮೂಲೆಗೆ ಅಡ್ಡವಾಗಿ ಇಟ್ಟಳು.

ಒಂದು ತುಂಡನ್ನು ಕಾಗದದಲ್ಲಿ ಮಡಚಿ ಒಣಗಿಸಲು ಇಟ್ಟುಕೊಂಡೆ. ರಾತ್ರಿ ಊಟವಾದ ಮೇಲೆ ಲೇಬಲ್ ಬರೆದೆ. ಸ್ಥಳ: ಮನೆಯ ಬಚ್ಚಲ ಕಾಲುವೆ, ತೀರ್ಥಹಳ್ಳಿ ತಾಲ್ಲೂಕು. ತಾನಾಗಿ ಬೆಳೆದದ್ದಲ್ಲ, ಬೆಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ಕೊಂಡ ಗಿಡದಿಂದ ತಪ್ಪಿಸಿಕೊಂಡದ್ದು, ಕೆರೆದು ತೆಗೆಯಲಾಗಿದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮ ಸಂಗ್ರಹಿಸಿದವರು ಎಂಬಲ್ಲಿ ಬೆರಳಿಟ್ಟು, "ಇಲ್ಲಿ ಯಾರ ಹೆಸರು?" ಎಂದಳು. ಅವಳದ್ದನ್ನು ಮೊದಲು ಬರೆದೆ, ನನ್ನದನ್ನು ಆಮೇಲೆ.

ನಿನ್ನೆ ಸಂಜೆ ಫೋನ್ ಬಂತು. ಮಳೆ, ಅಡಿಕೆಗೆ ಕೊಳೆ ರೋಗ, ಔಷಧಿ ಹೊಡೆಯುವವರು ಸಿಗದ ಕಷ್ಟ, ಎಲ್ಲ ಹೇಳಿಯಾದ ಮೇಲೆ, ಇಡುವ ಮುಂಚೆ ಅಮ್ಮ ದನಿ ತಗ್ಗಿಸಿದಳು.

"ಆ ಕಲ್ಲಿನ ಸಂದೀಲಿ ನಾಕು ಎಸಳು ಮತ್ತೆ ಬಂದಿದೆ ಕಣೆ. ಮಿಂಚುತ್ತೆ. ಎಂತ ಮಾಡ್ಲಿ?"

ನಾನು ಬರುವವರೆಗೆ ಹಾಗೇ ಇರಲಿ ಎಂದೆ. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.